ತಾರಿಹಾಳದಲ್ಲಿ ಹೊಲಿದ ಹಾಯಿಗಳು

ನಾನು ಮೂವತ್ತು ವರ್ಷ ಹಾಯಿ ಹೊಲಿದೆ ಅಂದರೆ ಹುಬ್ಬಳ್ಳಿಯಲ್ಲಿ ಯಾರೂ ನಂಬುವುದಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಏನು ಕೆಲಸ ಎಂದು ಕೇಳಿದರೆ ಮೊದಮೊದಲು ಇದ್ದದ್ದನ್ನೇ ಹೇಳುತ್ತಿದ್ದೆ.

"ಹಾಯಿ ಅಂದ್ರ?"

"ದೋಣಿಗೆ ಕಟ್ಟತಾರಲ್ರಿ, ಗಾಳಿ ತುಂಬೋ ಬಟ್ಟಿ."

"ಇಲ್ಲೆಲ್ಲಿ ಬಂತವಾ ದೋಣಿ? ನಮಗ ಕುಡ್ಯಾಕ ನೀರಿಲ್ಲ!"

ಆಮೇಲೆ ಬಸ್ಸಿನವರೆಲ್ಲ ಒಂದು ಸುತ್ತು ನಗುತ್ತಿದ್ದರು. ನಾಲ್ಕಾರು ಸಲ ಹೀಗಾದ ಮೇಲೆ, ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತೇನೆ ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸುವುದನ್ನು ಕಲಿತೆ. ತಾಡಪತ್ರಿ ಅಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಈಗ ನಮ್ಮ ಕಾರ್ಖಾನೆಯನ್ನು ಯಜಮಾನರ ಸೊಸೆ ನೋಡಿಕೊಳ್ಳುತ್ತಾಳೆ. ಹೋದ ತಿಂಗಳು ನನ್ನ ಖೋಲಿಗೆ ಬಂದು, "ನೀಲಕ್ಕಾ, ಹೊಸದಾಗಿ ಹೊಲಿಗಿಗೆ ಹುಡುಗ್ಯಾರು ಬಂದಾರ. ಹಾಯಿ ಕೆಲಸ ಮತ್ತ ಸುರು ಮಾಡಬೇಕಂತೇನಿ. ನೀವು ನಾಕ ಮಾತು ಬರದ ಕೊಡ್ರಿ" ಅಂದಳು. ನಿವೃತ್ತಿಯ ದಿನ ಹಾಕಿದ ಶಾಲು, ಕೊಟ್ಟ ಪ್ರಮಾಣಪತ್ರ, 'ಹೆಡ್ ಟೇಲರ್' ಆದದ್ದು, ಇದೆಲ್ಲ ಬರೆಯುತ್ತೇನೆಂದು ಅವಳು ತಿಳಿದಿರಬೇಕು. ಅದನ್ನು ಬರೆಯುವುದಿಲ್ಲ. ಹುಡುಗಿಯರಿಗೆ ಕೆಲಸದ ಮಾತು ಬೇಕು, ಶಾಲಿನ ಮಾತಲ್ಲ. ಮತ್ತೆ ಒಂದು ತಪ್ಪಿನ ಮಾತೂ ಬರೆಯಬೇಕಾಗಿದೆ. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಈ ಕಾಗದಕ್ಕೆ ಬೆಲೆ ಇಲ್ಲ.

ನಾನು ಗರಗದವಳು. ತವರಿನಲ್ಲಿ ಎಲ್ಲರೂ ನೂಲುವವರು, ನೇಯುವವರು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ತವರಿಗೆ ಮರಳಿ ಹೋಗಲು ಮನಸ್ಸಾಗದೆ ತಾರಿಹಾಳದಲ್ಲಿ ಒಂದು ಖೋಲಿ ಹಿಡಿದು, ತಾಡಪತ್ರಿಯ ಕಾರ್ಖಾನೆಗೆ ಸೇರಿದೆ. ಅಲ್ಲಿ ಹಿಂದಿನ ಶೆಡ್ಡಿನಲ್ಲಿ ಇಮಾಮಸಾಬರು ಒಬ್ಬರೇ ಹಾಯಿ ಕತ್ತರಿಸುತ್ತಿದ್ದರು. ಕಾರವಾರ, ಗೋವೆಯ ಕಡೆ ಪಂದ್ಯಕ್ಕೆ ಬಿಡುವ ಸಣ್ಣ ಹಾಯಿದೋಣಿಗಳಿಗೆ ನಮ್ಮ ಯಜಮಾನರು ಹೇಗೋ ಆರ್ಡರ್ ಹಿಡಿದಿದ್ದರು. ಹೊಲಿಯಲು ಒಬ್ಬರು ಬೇಕಾಗಿತ್ತು. ಗರಗದವಳು ಅಂದ ಕೂಡಲೇ ಇಮಾಮಸಾಬರು, "ಬಟ್ಟಿ ತಿಳೀತೈತಿ ಇಕೀಗೆ, ಇತ್ಲಾಗ ಕೊಡ್ರಿ" ಎಂದು ನನ್ನನ್ನು ಕರೆದುಕೊಂಡರು. ಅವತ್ತಿನಿಂದ ಅವರು ನನಗೆ ಕಾಕಾ.

ಹುಡುಗಿಯರೇ, ನೀವು ಮೊದಲು ಮರೆಯಬೇಕಾದದ್ದು ಬಿಗಿ. ತಾಡಪತ್ರಿ ಹೊಲಿದ ಕೈಗೆ ಬಿಗಿ ಅಂದರೆ ಛಲೋ, ಸಡಿಲ ಅಂದರೆ ಕೆಟ್ಟದ್ದು. ನಾನು ಮೊದಲ ಹಾಯಿಯನ್ನು ಹಂಗೇ ಹೊಲಿದೆ. ಕಾಕಾ ಅದನ್ನು ಎತ್ತಿ ನೋಡಿ, "ಇದು ಹಾಯಿ ಅಲ್ಲವ್ವಾ, ಹಲಗಿ" ಅಂದರು. ನನಗೆ ಸಿಟ್ಟು ಬಂತು. ಒಂದು ಸುಕ್ಕೂ ಇಲ್ಲದ ಹಾಗೆ ಹೊಲಿದಿದ್ದೆ!

"ನಿಮ್ಮ ಮನ್ಯಾಗ ಚರಕಾದ ದಾರ ಹೆಂಗ ಕಟ್ಟತೀರಿ?" ಎಂದು ಕೇಳಿದರು.

"ಭಾಳ ಬಿಗದ್ರ ಕದರು ತಿರಗಂಗಿಲ್ರಿ. ಸಡ್ಲ ಬಿಟ್ರ ಜಾರತೈತಿ."

"ಹಾಂ. ಇದೂ ಹಂಗ. ಗಾಳಿ ಹೆಂಗೈತಿ ನೋಡಿ ಬಿಗೀಬೇಕು, ಗಾಳಿ ನೋಡಿ ಬಿಡಬೇಕು."

ದೊಡ್ಡ ಹಾಯಿ ಮೂರು ಮೂಲೆಯದು. ಒಂದು ಅಂಚು ನಿಂತ ಕಂಬಕ್ಕೆ, ಒಂದು ಅಂಚು ಕೆಳಗಿನ ಅಡ್ಡಕೋಲಿಗೆ, ಮೂರನೆಯದು ಗಾಳಿಗೆ ಬಿಟ್ಟದ್ದು. ಗಾಳಿ ತುಂಬಿದಾಗ ಬಟ್ಟೆಗೆ ಹೊಟ್ಟೆ ಬರುತ್ತದೆ. ದೋಣಿಯನ್ನು ಎಳೆಯುವುದು ಆ ಹೊಟ್ಟೆ. ಗಾಳಿ ಮೆಲ್ಲಗಿದ್ದರೆ ಹೊಟ್ಟೆ ತುಂಬಿಕೊಂಡಿರಬೇಕು, ಹಗ್ಗ ಸ್ವಲ್ಪ ಬಿಡಬೇಕು. ಗಾಳಿ ಜೋರಾದರೆ ಕಂಬದ ಕಡೆಯ ಅಂಚನ್ನು ಕೆಳಗೆ ಜಗ್ಗಿ, ಅಡ್ಡಕೋಲಿನ ಹಗ್ಗವನ್ನೂ ಹಿಂದಕ್ಕೆ ಎಳೆದು ಹೊಟ್ಟೆ ಕರಗಿಸಬೇಕು. ಜಗ್ಗಿದಷ್ಟೂ ಹೊಟ್ಟೆ ಮುಂದಕ್ಕೆ, ಕಂಬದ ಹತ್ತಿರ ಬರುತ್ತದೆ, ದೋಣಿ ನೆಟ್ಟಗೆ ನಿಲ್ಲುತ್ತದೆ. ಜಗ್ಗದಿದ್ದರೆ ಗಾಳಿ ಆ ಹೊಟ್ಟೆಯನ್ನು ಹಿಂದಕ್ಕೆ ತಳ್ಳಿ ದೋಣಿಯನ್ನು ಮಗ್ಗುಲಿಗೆ ಕೆಡವುತ್ತದೆ. ಕಂಬದಿಂದ ಅಡ್ಡಡ್ಡ ಮಡಿಕೆ ಬಂದರೆ ಅಂಚು ಸಡಿಲ. ಕಂಬದ ಪಕ್ಕಕ್ಕೇ ಉದ್ದಕ್ಕೊಂದು ಮಡಿಕೆ ನಿಂತರೆ ಅತಿ ಬಿಗಿ. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಬಂದ ಹಾಗೆ.

ಇದನ್ನೆಲ್ಲ ನಾನು ಕಲಿತದ್ದು ನೀರಿನ ಮೇಲೆ ಅಲ್ಲ. ಶೆಡ್ಡಿನ ಹಿಂದೆ ಕಾಕಾ ಒಂದು ಕಬ್ಬಿಣದ ಪೈಪು ನೆಟ್ಟಿದ್ದರು. ಆಷಾಢದ ಗಾಳಿ ಬೀಸತೊಡಗಿತೆಂದರೆ ನಮಗೆ ಹಬ್ಬ. ಒಂದೊಂದೇ ಹಾಯಿಯನ್ನು ಏರಿಸಿ, ಹಗ್ಗ ಜಗ್ಗಿ, ಬಿಟ್ಟು, ಮತ್ತೆ ಜಗ್ಗಿ ನೋಡುತ್ತಿದ್ದೆವು. ಪಕ್ಕದ ಲೇತ್ ಮಷಿನ್ನಿನವರು ಹೊರಗೆ ಬಂದು, "ಸಾಬ್ರ, ಕಾರ್ಖಾನಿ ಹೊಂಟತೇನ್ರಿ? ನಮ್ಮನೂ ಹತ್ತಿಸಿಕೊಳ್ರಿ!" ಎಂದು ಕೂಗುತ್ತಿದ್ದರು. ಕಾಕಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಬಟ್ಟೆಯನ್ನಷ್ಟೇ ನೋಡುತ್ತಿದ್ದರು. ಒಂದು ಬೆರಳಿನಷ್ಟು ವ್ಯತ್ಯಾಸವನ್ನು ಹತ್ತು ಹೆಜ್ಜೆ ದೂರದಿಂದ ಹೇಳುವ ಕಣ್ಣು ಅದು. ನಾನು ಅಳತೆಪಟ್ಟಿ ಹಿಡಿದು ನೋಡಿದರೆ ಒಂದು ಬೆರಳೇ ಇರುತ್ತಿತ್ತು.

ಯಜಮಾನರ ಮಾತು ಬಂದರೆ ನಗು ಬರುತ್ತದೆ. ಒಳ್ಳೆಯ ಮನುಷ್ಯ, ಆದರೆ ಹಾಯಿಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಸುಕ್ಕು ಒಂದೇ. ಒಮ್ಮೆ ಗೋವೆಯಿಂದ ಇಬ್ಬರು ಗಿರಾಕಿಗಳು ಬಂದಿದ್ದರು. ಗಾಳಿ ಮೆಲ್ಲಗಿತ್ತು, ಕಾಕಾ ಹಗ್ಗ ಸಡಿಲ ಬಿಟ್ಟಿದ್ದರು, ಅಂಚಿನಲ್ಲಿ ಸಣ್ಣ ಮಡಿಕೆಗಳಿದ್ದವು. "ಏನ್ರಿ ಇದು ಮುದಕಿ ಮಾರಿ ಆದಂಗ ಆಗೇತಿ!" ಎಂದು ಯಜಮಾನರು ತಾವೇ ಹಗ್ಗ ಹಿಡಿದು ಮೈಭಾರ ಹಾಕಿ ಜಗ್ಗಿದರು. ಮೂಲೆಯ ಹಿತ್ತಾಳೆ ರಿಂಗು ಬಟ್ಟೆ ಸಮೇತ ಕಿತ್ತು ಬಂತು. ಯಜಮಾನರು ಅಂಗಾತ ಬಿದ್ದರು, ಬಿಳಿ ಅಂಗಿ ಧೂಳಾಯಿತು. ಕಾಕಾ ಅವರನ್ನು ಎಬ್ಬಿಸುತ್ತಾ, "ಯಜಮಾನ್ರ, ಇದು ಲಾರಿ ಅಲ್ರಿ" ಅಂದರು. ಗಿರಾಕಿಗಳು ನಕ್ಕು ಆರ್ಡರ್ ಕೊಟ್ಟೇ ಹೋದರು.

ನನ್ನ ಬದುಕಿನಲ್ಲಿ ಮಾತು ತುಂಬಿದ್ದ ವರ್ಷಗಳೆಂದರೆ ಅವೇ. ಕಾಕಾ ನೆಲದ ಮೇಲೆ ಬಟ್ಟೆ ಹಾಸಿ, ತೆಳು ಬಿದಿರಿನ ಪಟ್ಟಿಯನ್ನು ಬಾಗಿಸಿ, ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು. ಕಂಬದ ಕಡೆಯ ಅಂಚಿಗೆ ಬರುವ ಆ ಸಣ್ಣ ಬಾಗು ಅವರ ಸ್ವಂತದ್ದು. ಅದಕ್ಕೆ ಎದೆಗೆರೆ ಎನ್ನುತ್ತಿದ್ದರು. ಅದು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಅವರು ಕತ್ತರಿಸಿ ಕೊಟ್ಟರೆ ನಾನು ಹೊಲಿದು, ಆ ಅಂಚಿನೊಳಗೆ ಹತ್ತಿಯ ಹಗ್ಗ ಸೇರಿಸಿ ಮುಚ್ಚುತ್ತಿದ್ದೆ. ಹಗ್ಗದ ಕೆಲಸ ಪೂರ್ತಿ ನನ್ನದು.

ಹತ್ತಿಯ ಹಗ್ಗ ನೀರು ಕುಡಿದರೆ ಕುಗ್ಗುತ್ತದೆ. ಆದ್ದರಿಂದ ಹೊಲಿಯುವ ಮೊದಲು ಅದನ್ನು ಒಂದು ರಾತ್ರಿ ನೀರಲ್ಲಿಟ್ಟು, ನೆರಳಲ್ಲಿ ಒಣಗಿಸಬೇಕು. ಕುಗ್ಗುವುದನ್ನು ಕುಗ್ಗಿಸಿಯೇ ಹೊಲಿಯಬೇಕು. ಕಾಕಾ ನನಗೆ ಕಲಿಸಿದ ಮೊದಲ ನಿಯಮ ಇದು. ಶೆಡ್ಡಿನ ಮೂಲೆಯಲ್ಲಿ ಎರಡು ಕ್ಯಾನು ನೀರು ಇದಕ್ಕಂತಲೇ ತೆಗೆದಿಡುತ್ತಿದ್ದರು. ಅದನ್ನು ಯಾರೂ ಕುಡಿಯುವ ಹಾಗಿಲ್ಲ, ಕೈ ತೊಳೆಯುವ ಹಾಗೂ ಇಲ್ಲ.

ಒಂದು ಬೇಸಿಗೆಯಲ್ಲಿ ನಳದ ನೀರು ಬಂದು ಒಂಬತ್ತು ದಿನ ಆಗಿತ್ತು. ನನ್ನ ಖೋಲಿಯಲ್ಲಿ ಒಂದು ಕೊಡ ಉಳಿದಿತ್ತು, ಅದು ಕುಡಿಯಲಿಕ್ಕೆ. ಶನಿವಾರ ಸಂಜೆ ಎಲ್ಲರೂ ಹೋದರು, ನಾನು ಹಗ್ಗ ನೀರಿಗೆ ಹಾಕಿ ಹೋಗಬೇಕಾಗಿತ್ತು. ಆ ಎರಡು ಕ್ಯಾನುಗಳನ್ನು ನೋಡುತ್ತ ನಿಂತೆ. ತಲೆಯೆಲ್ಲ ದಾರದ ಎಳೆ, ಬೆವರು, ತಾಡಪತ್ರಿಯ ಮೇಣದ ವಾಸನೆ. ಎರಡೂ ಕ್ಯಾನುಗಳನ್ನು ಕಂಕುಳಿಗೆ ಒಂದು, ಕೈಗೆ ಒಂದು ಹಿಡಿದು ಮನೆಗೆ ಒಯ್ದೆ. ಮರುದಿನ ಆ ನೀರಿನಿಂದ ತಲೆಗೆ ಎರಕೊಂಡೆ. ಆಹಾ, ಎಷ್ಟು ಹಗುರಾಗಿತ್ತು! ಆ ಸುಖ ಇವತ್ತಿಗೂ ಮರೆತಿಲ್ಲ, ಅದೇ ನನ್ನ ನಾಚಿಕೆ.

ಸೋಮವಾರ ಒಣ ಹಗ್ಗವನ್ನೇ ಹೊಲಿದು ಮುಚ್ಚಿದೆ. ಒಂದು ಹಾಯಿಗೆ ಏನಾಗುತ್ತದೆ ಬಿಡು ಎಂದುಕೊಂಡೆ. ಅಂಗಳದ ಪೈಪಿಗೆ ಏರಿಸಿದಾಗ ಅದು ಚೆಂದವೇ ಕಂಡಿತು. ಹುಬ್ಬಳ್ಳಿಯ ಒಣ ಗಾಳಿಯಲ್ಲಿ ಅದು ಕೆಡಲು ಕಾರಣವೇ ಇರಲಿಲ್ಲ.

ಆ ಹಾಯಿ ಕಾರವಾರಕ್ಕೆ ಹೋಯಿತು. ಅಲ್ಲಿ ಹಾಯಿದೋಣಿ ಕಲಿಸುವ ತಾಂಡೇಲರು ಅದನ್ನು ಕಟ್ಟಿಕೊಂಡು ಒಬ್ಬರೇ ಕಡಲಿಗಿಳಿದಿದ್ದರು. ನೀರು ಸಿಡಿದು ಅಂಚು ತೊಯ್ದಿತು, ಹಗ್ಗ ಕುಗ್ಗಿತು. ಅಷ್ಟರಲ್ಲಿ ಗಾಳಿ ಜೋರಾಯಿತು. ಅವರು ಎಷ್ಟು ಜಗ್ಗಿದರೂ ಜಗ್ಗಾಟವೆಲ್ಲ ಅಂಚಿನೊಳಗಿನ ಆ ಕುಗ್ಗಿದ ಹಗ್ಗಕ್ಕೇ ಹೋಯಿತು, ಬಟ್ಟೆಗೆ ತಲುಪಲಿಲ್ಲ. ಹೊಟ್ಟೆ ಹಿಂದೆ ಸರಿಯಿತು, ದೋಣಿ ಮಗುಚಿತು. ಅಡ್ಡಕೋಲು ಬಡಿದು ತಾಂಡೇಲರ ಹೆಗಲ ಎಲುಬು ಮುರಿಯಿತು. ಹದಿನೈದು ದಿನಕ್ಕೆ ಹಾಯಿ ನಮ್ಮ ಶೆಡ್ಡಿಗೆ ವಾಪಸ್ ಬಂತು, ಜೊತೆಗೊಂದು ಪತ್ರ.

ಅದನ್ನು ಅಂಗಳದಲ್ಲಿ ಏರಿಸಿದರು. ಕಂಬದ ಉದ್ದಕ್ಕೂ ಅಡ್ಡಡ್ಡ ಮಡಿಕೆಗಳು. ಹಗ್ಗ ಕುಗ್ಗಿದರೂ ಮಡಿಕೆ ಅಲ್ಲೇ ಬೀಳುತ್ತದೆ, ಎದೆಗೆರೆ ತಪ್ಪಿದರೂ ಅಲ್ಲೇ. ಯಜಮಾನರು, ಲೇತಿನವರು, ತಾಡಪತ್ರಿಯ ಹುಡುಗರು ಎಲ್ಲರೂ ನಿಂತಿದ್ದರು. ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಹಗ್ಗ ನೀರಿಗೆ ಹಾಕಿದ್ದೆಲ್ಲವ್ವಾ?"

"ಹೂನ್ರಿ ಕಾಕಾ" ಅಂದೆ.

ಅಷ್ಟೇ. ಅದು ನನ್ನ ಬಾಯಿಂದ ಬಂದದ್ದೇ ನನಗೆ ಗೊತ್ತಾಗಲಿಲ್ಲ. ಅಷ್ಟು ಮಂದಿಯ ಮುಂದೆ, ಹಗ್ಗದ ನೀರಿನಲ್ಲಿ ತಲೆ ತೊಳೆದುಕೊಂಡೆ ಅಂತ ಹೇಗೆ ಹೇಳಲಿ? ನಾಳೆ ಹೇಳೋಣ, ಒಬ್ಬರೇ ಇದ್ದಾಗ ಹೇಳೋಣ ಅಂದುಕೊಂಡೆ. ಕಾಕಾ ಎರಡನೆಯ ಸಲ ಕೇಳಲಿಲ್ಲ.

"ಹಂಗಾದ್ರ ಗೆರಿ ನಂದ ತಪ್ಪೇತಿ" ಅಂದರು. "ಕಣ್ಣು ಹೋಗಾಕತ್ತಾವ ಯಜಮಾನ್ರ. ಇನ್ನ ನಾ ಹಾಯಿ ಕತ್ತರಸಬಾರದು."

ಯಜಮಾನರು ಬೈಯಲಿಲ್ಲ. ತಾಡಪತ್ರಿಯ ಕಡೆ ಬರ್ರಿ, ಅಲ್ಲಿ ನೆಟ್ಟಗೆ ಕತ್ತರಿಸಿದರೆ ಸಾಕು ಅಂದರು. ಕಾಕಾ ಒಂದು ವಾರ ಬಂದರು. ಆರೂ ದಿನ ನಾನು ಹೇಳಬೇಕೆಂದು ಬಾಯಿ ತೆರೆದೆ, ಆರೂ ದಿನ ಬೇರೇನೋ ಮಾತಾಡಿದೆ. ಮರು ವಾರ ಅವರು ಬರಲಿಲ್ಲ. ರಾಯಾಪುರದಲ್ಲಿ ರಸ್ತೆ ಬದಿಗೆ ಸಣ್ಣ ಅಂಗಡಿ ಹಾಕಿಕೊಂಡು ಸಾಲಿ ಮಕ್ಕಳ ಚೀಲ, ಆಟೋ ಸೀಟು ಹೊಲಿಯುತ್ತಾರಂತೆ ಎಂದು ಲೇತಿನವರು ಹೇಳಿದರು.

ಅಲ್ಲಿಂದ ಮುಂದೆ ಹಾಯಿಯ ಶೆಡ್ಡಿನಲ್ಲಿ ನಾನೊಬ್ಬಳೇ. ಕತ್ತರಿಸುವುದೂ ನಾನೇ, ಹೊಲಿಯುವುದೂ ನಾನೇ. ಕಾಕಾನ ಬಿದಿರ ಪಟ್ಟಿಯಿಂದಲೇ ಗೆರೆ ಎಳೆದೆ. ಗಾಳಿ ಬಂದಾಗ ಪೈಪಿಗೆ ಹಾಯಿ ಏರಿಸಿ, ಹಗ್ಗ ಕಟ್ಟಿ, ಹತ್ತು ಹೆಜ್ಜೆ ಹಿಂದೆ ಬಂದು ನೋಡಿ, ಮತ್ತೆ ಓಡಿ ಹೋಗಿ ಹಗ್ಗ ಬಿಚ್ಚಬೇಕು. ಇಬ್ಬರ ಕೆಲಸ ಒಬ್ಬಳು ಮಾಡಿದರೆ ದಣಿವಿಗಿಂತ ಹೆಚ್ಚಾಗಿ ಮಾತಿಲ್ಲದ್ದು ಕಾಡುತ್ತದೆ. "ಈಗ ಹೆಂಗ ಕಾಣತೈತ್ರಿ?" ಎಂದು ಕೇಳಲು ಯಾರೂ ಇರಲಿಲ್ಲ. ಕೆಲವು ಸಲ ಕೇಳಿಯೂ ಬಿಡುತ್ತಿದ್ದೆ. ಲೇತಿನವರು ಈಗ ನಗುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಗುತ್ತಿತ್ತು.

ಎಲುಬು ಕೂಡಿದ ಮೇಲೆ ತಾಂಡೇಲರು ಫೋನ್ ಮಾಡತೊಡಗಿದರು. ಹೊಸ ಹಾಯಿ ಕಟ್ಟಿದಾಗಲೆಲ್ಲ ದಡದಿಂದಲೇ ಕರೆ ಬರುತ್ತಿತ್ತು. ಹಿಂದೆ ಅಲೆಯ ಸದ್ದು ಕೇಳುತ್ತಿತ್ತು.

"ನೀಲಮ್ಮಾ, ಮಡಿಕೆ ಬರ್ತಾ ಇದೆ."

"ಎಲ್ಲಿಂದ ಎಲ್ಲಿಗೆ ಹೊಂಟೈತ್ರಿ?"

"ಕಂಬದ ಪಕ್ಕ, ಉದ್ದಕ್ಕೆ ಒಂದೇ."

"ಭಾಳ ಬಿಗದೀರಿ. ಕೆಳಗಿನ ಹಗ್ಗ ಎರಡ ಬೆರಳು ಬಿಡ್ರಿ. ಗಾಳಿ ಹೆಂಗೈತಿ?"

"ಮೆಲ್ಲಗೆ."

"ಹಂಗಾದ್ರ ಅಡ್ಡಕೋಲಿಂದೂ ಒಂಚೂರು ಸಡ್ಲ ಮಾಡ್ರಿ. ಈಗ?"

ಅವರು ಫೋನ್ ಕೆಳಗಿಟ್ಟು ಹಗ್ಗ ಸಡಿಲಿಸುವುದು ಕೇಳುತ್ತಿತ್ತು. ಆಮೇಲೆ, "ಹೋಯ್ತು! ಅಬ್ಬಾ, ಈಗ ನೋಡಿ ಹೇಗೆ ಎಳೀತದೆ!" ಎಂದು ಕೂಗುತ್ತಿದ್ದರು. ಕಡಲನ್ನೇ ಕಾಣದ ನಾನು ತಾರಿಹಾಳದ ಶೆಡ್ಡಿನಲ್ಲಿ ಫೋನ್ ಹಿಡಿದು ಒಬ್ಬಳೇ ನಗುತ್ತಿದ್ದೆ. ಇಡೀ ದಿನದಲ್ಲಿ ನನ್ನ ಕೆಲಸದ ಭಾಷೆ ತಿಳಿಯುತ್ತಿದ್ದದ್ದು ಆ ಒಂದು ದನಿಗೆ. ಅವರು ಎಷ್ಟೋ ಸಲ ಬನ್ನಿ, ದೋಣಿಯಲ್ಲಿ ಕೂರಿಸುತ್ತೇನೆ ಎಂದು ಕರೆದರು. ನಾನು ಒಂದಲ್ಲ ಒಂದು ನೆವ ಹೇಳಿದೆ. ಅವರ ಹೆಗಲನ್ನು ನೋಡುವ ಧೈರ್ಯ ನನಗಿರಲಿಲ್ಲ.

ಒಂದು ಸಲ ಖುಷಿಯಲ್ಲಿ ಅಂದರು: "ನಿಮ್ಮ ಹಳೆಯ ಮಾಸ್ತರು ಕತ್ತರಿಸಿದ ಹಾಯಿ ನನ್ನ ಎಲುಬು ಮುರೀತು ನೋಡಿ. ನೀವು ಬಂದ ಮೇಲೆ ಒಂದೂ ಕೆಟ್ಟಿಲ್ಲ." ನಾನು ಫೋನ್ ಇಟ್ಟೆ. ಆ ದಿನ ಮಷಿನ್ ಮುಟ್ಟಲಾಗಲಿಲ್ಲ. ಆಗಲಾದರೂ ಹೇಳಬೇಕಿತ್ತು. ಹೇಳಿದರೆ ಆ ಒಂದು ದನಿಯೂ ಹೋಗುತ್ತದೆ ಎಂದು ಹೆದರಿದೆ. ಹೆದರಿಕೆ ಅಲ್ಲ, ಸ್ವಾರ್ಥ. ಈಗ ಬರೆಯುವಾಗ ಅದಕ್ಕೆ ಸರಿಯಾದ ಹೆಸರೇ ಕೊಡಬೇಕು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಹತ್ತಿ ಹಗ್ಗ ಹೋಗಿ ನೀರಿಗೆ ಕುಗ್ಗದ ಹಗ್ಗ ಬಂತು. ತಾಂಡೇಲರು ಮಡಿಕೆಯ ಫೋಟೋ ತೆಗೆದು ಮೊಬೈಲಿಗೆ ಕಳಿಸತೊಡಗಿದರು. ನಾನು ಫೋಟೋದ ಮೇಲೆ ಬೆರಳಿಂದ ಗೆರೆ ಎಳೆದು ಮರಳಿ ಕಳಿಸುತ್ತಿದ್ದೆ. ಕೆಲಸ ಲಗೂ ಆಯಿತು, ಮಾತು ನಿಂತಿತು. ಕಡೆಗೆ ಕಂಪ್ಯೂಟರಿನಿಂದ ಕತ್ತರಿಸಿದ ಹಾಯಿಗಳು ಹೊರದೇಶದಿಂದ ಬರತೊಡಗಿ ನಮಗೆ ಆರ್ಡರೂ ನಿಂತವು. ನಿವೃತ್ತಿಯ ಹಿಂದಿನ ಎರಡು ವರ್ಷ ನಾನು ತಾಡಪತ್ರಿಯನ್ನೇ ಹೊಲಿದೆ. ಬಸ್ಸಿನಲ್ಲಿ ಹೇಳುತ್ತಿದ್ದ ಸುಳ್ಳು ಖರೇ ಆಯಿತು.

ಯಜಮಾನರ ಸೊಸೆ ಬರೆಯಲು ಹೇಳಿ ಹೋದ ಮೇಲೆ ಮೂರು ದಿನ ಕಾಗದದ ಮುಂದೆ ಕೂತೆ. ಎದೆಗೆರೆಯ ಬಗ್ಗೆ ಬರೆಯಬೇಕು, ಅದು ಕಾಕಾನದು. ಅವರ ಹೆಸರು ಬರೆದರೆ, ಅವರು ಯಾಕೆ ಬಿಟ್ಟರು ಎಂದು ಬರೆಯಬೇಕು. ಪೆನ್ನು ಮುಂದೆ ಹೋಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಬಸ್ಸು ಹಿಡಿದು ರಾಯಾಪುರದಲ್ಲಿ ಇಳಿದೆ. ಹದಿನಾಲ್ಕು ವರ್ಷ ಧಾರವಾಡಕ್ಕೆ ಹೋಗುವಾಗಲೆಲ್ಲ ಆ ಜಾಗ ಬಂದರೆ ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ.

ಕಾಕಾ ಮಷಿನ್ ಮುಂದೆ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಯಾವುದೋ ಮಗುವಿನ ಚೀಲದ ಜಿಪ್ಪು ಹೊಲಿಯುತ್ತಿದ್ದರು. ಕಣ್ಣಿಗೆ ಕನ್ನಡಕ ಇರಲಿಲ್ಲ.

"ನೀಲವ್ವಾ!" ಎಂದು ಎದ್ದು ನಿಂತರು. "ಯಾ ಅಲ್ಲಾ! ಎಷ್ಟ ವರ್ಷಾತವಾ! ಬಾ, ಕುಂಡ್ರ. ಫಾತಿಮಾ, ಯಾರು ಬಂದಾರ ನೋಡು, ಚಾ ಇಡು!" ಹಿಂದಿನ ಕೋಣೆಯಿಂದ ಅವರ ಹೆಂಡತಿ, ನನಗೆ ಚಾಚಿ, ಇಣುಕಿ ನಕ್ಕರು. "ಕೆಲಸ ಹೆಂಗ ನಡದೈತಿ? ಹಾಯಿ ಹೊಲೀತೀ ಇಲ್ಲೋ? ಭಾಳ ಹೆಸರ ಮಾಡಿದಿ ಅಂತ ಕೇಳೇನಿ. ನನಗ ಅಭಿಮಾನವಾ."

ನನಗೆ ಅಳು ಬಂತು. ಅಳುತ್ತ ಹೇಳಿದರೆ ಅವರೇ ಸಮಾಧಾನ ಮಾಡಿಯಾರು ಎಂದು, ನುಂಗಿಕೊಂಡೆ.

"ಕಾಕಾ, ಆ ಕಾರವಾರದ ಹಾಯಿ. ನಾ ಹಗ್ಗ ನೀರಿಗೆ ಹಾಕಿದ್ದಿಲ್ರಿ."

ಅವರಿಗೆ ತಿಳಿಯಲಿಲ್ಲ. "ಏನು?"

"ಆ ಕ್ಯಾನಿನ ನೀರು ಮನಿಗೆ ಒಯ್ದು ತಲಿ ಎರಕೊಂಡೆ. ಒಣ ಹಗ್ಗ ಹೊಲದೆ. ನೀವು ಕೇಳಿದಾಗ ಸುಳ್ಳ ಹೇಳಿದೆ."

ಕಾಕಾ ಮೆಲ್ಲಗೆ ಕೂತರು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅಂದ್ರ ಗೆರಿ ತಪ್ಪಿದ್ದಿಲ್ಲ?"

"ಇಲ್ರಿ. ಅದಾದ ಮ್ಯಾಲೆ ನಾ ಅದ ಗೆರಿ ಮ್ಯಾಲೆ ಹಾಯಿ ಕತ್ತರಸೇನಿ. ಒಂದೂ ಕೆಟ್ಟಿಲ್ಲ."

ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕೆಲಸ ಬಿಟ್ಟ ಮ್ಯಾಲೆ ಹುಬ್ಬಳ್ಳ್ಯಾಗ ಕಣ್ಣಿನ ಡಾಕ್ಟರ್ ಕಡೆ ಹೋಗಿದ್ದೆ" ಅಂದರು. "ಎರಡ ಸಲ ನೋಡಿದಾ. ಸಾಬ್ರ, ನಿಮ್ಮ ಕಣ್ಣು ಬರೋಬ್ಬರಿ ಅದಾವ, ಏನೂ ಆಗಿಲ್ಲ ಅಂದಾ. ನಾ ಡಾಕ್ಟರನ್ನ ನಂಬಲಿಲ್ಲವಾ. ನಿನ್ನ ನಂಬಿದ್ದೆ."

ಚಾಚಿ ಚಹಾ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದರು. ಕಾಕಾ ಚೀಲವನ್ನು ಮತ್ತೆ ಸೂಜಿಯ ಕೆಳಗೆ ಸರಿಸಿ ಮಷಿನ್ ತುಳಿಯತೊಡಗಿದರು. ಕುಡಿ ಅನ್ನಲಿಲ್ಲ, ಹೋಗು ಅನ್ನಲಿಲ್ಲ.